ಚಲೋ ಆಗದೆ

ಕೋಡಿಬಾಗದ ಐಸ್ ಫ್ಯಾಕ್ಟರಿಯ ಮಾಳಿಗೆಯಲ್ಲಿ
ಭಾನುವಾರ ನಾಲ್ಕಕ್ಕೆ ಸೇರುವವರು ನಾವು ಆರು ಜನ.
ಕೆಳಗೆ ಯಂತ್ರ ಗುಂಯ್‌ಗುಡುತ್ತದೆ,
ನೆಲ ಸಣ್ಣಗೆ ನಡುಗುತ್ತದೆ.
ಗೆರೆ ಸೊಟ್ಟಗಾದರೆ ಅದರ ತಪ್ಪು ಅನ್ನಲು ಅನುಕೂಲ.

ನಿಯಮ ಇನಾಸ್ ಮಾಡಿದ್ದು:
ಚಿತ್ರ ತಂದವರು ಬಾಯಿ ಬಿಡಬಾರದು,
ನೋಡಿದವರು ಬಾಯಿ ಮುಚ್ಚಿಕೊಳ್ಳಬಾರದು.
ನೋಡಿದವರೆಲ್ಲ ಪಾಪ, ಪಾಲಿಸಿದರು,
ಎರಡೇ ಶಬ್ದದಲ್ಲಿ: ಚಲೋ ಆಗದೆ.

ನಮ್ಮ ಬದಿಯ ಬಾಯಲ್ಲಿ ಅದು ಚೆನ್ನಾಗಿ ಬಂದಿದೆ ಎಂಬ ಮಾತು.
ಪುಸ್ತಕದ ಕನ್ನಡದಲ್ಲಿ ಓದಿದರೆ
ಚೆನ್ನಾಗದೆ ಉಳಿದದ್ದು.
ಚನ್ನಪಟ್ಟಣದಿಂದ ವರ್ಗವಾಗಿ ಬಂದ ನರ್ಸ್ ಹೇಮಾವತಿ
ಮೊದಲ ದಿನ ತನ್ನ ದಾಸವಾಳಕ್ಕೆ ಅದನ್ನು ಕೇಳಿ
ಅರ್ಧ ಗಂಟೆ ಯಾರ ಮುಖವನ್ನೂ ನೋಡಲಿಲ್ಲ.
ನಾವು ನಕ್ಕು ಬಿಡಿಸಿ ಹೇಳಿದೆವು.
ಈಗ ಅನಿಸುತ್ತದೆ, ಅವಳು ಕೇಳಿಸಿಕೊಂಡದ್ದೇ ಸರಿ.

ನನ್ನದು ಕಾಳಿಯ ಅಳಿವೆ.
ಅಂಚೆ ಕಚೇರಿಯಲ್ಲಿ ಮುದ್ರೆ ಒತ್ತೀ ಒತ್ತೀ ಜಡ್ಡುಗಟ್ಟಿದ ಕೈ
ಮೂರು ವಾರ ಆ ನೀರಿಗೆ ನೀಲಿ ಹಚ್ಚಿತ್ತು.
ಹಿಂದೆ ಸದಾಶಿವಗಡದ ಗುಡ್ಡ,
ಮುಂದೆ ಲಂಗರು ಬಿಟ್ಟ ಎರಡು ದೋಣಿ,
ಹಸೆಗೆ ಕೂತವರ ಹಾಗೆ ಎದುರುಬದುರು.
ನಾಲ್ಕು ಬಾಯಿ ಚಲೋ ಆಗದೆ ಅಂದವು.

ಐದನೆಯವ ಪುರ್ಸು ತಾಂಡೇಲ,
ದೋಣಿಗಳ ಮೂತಿಗೆ ಹೆಸರು ಬರೆದೇ ಹೊಟ್ಟೆ ಹೊರೆದವನು.
ಎನಾಮೆಲ್ ವಾಸನೆಯ ಬೆರಳನ್ನು ಚಿತ್ರದ ಹತ್ತಿರ ತಂದು
"ಬಾಯೀ, ನೀರು ಏರ್ತದ್ಯೋ, ಇಳೀತದ್ಯೋ?"

ನಿಯಮದಂತೆ ನಾನು ತುಟಿ ಬಿಚ್ಚಲಿಲ್ಲ.

"ಲಂಗರು ಬಿಟ್ಟ ದೋಣಿ ನೀರು ಬರೋ ಕಡೆ ಮೂತಿ ಮಾಡ್ತದೆ.
ನಿನ್ನದು ಒಂದು ಸಮುದ್ರಕ್ಕೆ ಹೊಂಟದೆ, ಒಂದು ದಾಂಡೇಲಿಗೆ.
ಚಂದ ಕಾಣ್ಲಿ ಅಂತ ತಿರುಗಿಸಿ ಇಟ್ಟಿದ್ದು ನೀನು.
ನೀರಲ್ಲ."

ಐಸಿನ ಮೇಲೆ ಕೂತೂ ಕಿವಿ ಕಾದವು.
ಇವನಿಗೇನು ಗೊತ್ತು ಸಂಯೋಜನೆ ಎಂದು
ಮನೆಯ ತನಕ ಬೈದೆ, ಮನಸ್ಸಿನಲ್ಲೇ, ಒಳ್ಳೇ ಕನ್ನಡದಲ್ಲಿ.
ಎರಡು ಭಾನುವಾರ ನನಗೆ ತಲೆನೋವು ಬಂತು,
ಸರಿಯಾಗಿ ನಾಲ್ಕಕ್ಕೆ.

ಮೂರನೆಯದಕ್ಕೆ ಕಾಳಿ ಸೇತುವೆಯ ಮೇಲೆ ನಿಂತೆ.
ಕೆಳಗೆ ಹದಿನಾಲ್ಕು ದೋಣಿ, ಎಣಿಸಿದೆ,
ಎಲ್ಲದಕ್ಕೂ ಸಮುದ್ರದ ಕಡೆ ಮುಖ,
ಪ್ರಾರ್ಥನೆಗೆ ನಿಲ್ಲಿಸಿದ ಮಕ್ಕಳಂತೆ.
ಭರತಿ ಮುಗಿಯಿತು.
ಆಮೇಲೆ ಸ್ವಲ್ಪ ಹೊತ್ತು, ಒಂದು ಚಹಾ ಕುಡಿಯುವಷ್ಟು,
ನೀರಿಗೇ ತಾನೆತ್ತ ಎಂದು ತಿಳಿಯದೆ
ಹಗ್ಗಗಳು ಸಡಿಲಬಿದ್ದವು,
ದೋಣಿಗಳು ಒಂದೊಂದು ದಿಕ್ಕಿಗೆ ಹೊರಳಿದವು,
ಎರಡು ಎದುರುಬದುರು ಕೂಡ!
ಓಡಿ ಹೋಗಿ ಹೇಳಿದೆ.
ಪುರ್ಸು ತಲೆದೂಗಿದ. "ಹೌದು, ಹಂಗೂ ಅದೆ.
ಹಂಗಾದ್ರೆ ನಿನ್ನ ನೀರು ಯಾಕೆ ಅಷ್ಟು ಓಡ್ತದೆ?"

ಒದ್ದೆ ಸ್ಪಂಜಿನಿಂದ ಅಲೆಗಳನ್ನು ತಿಕ್ಕಿ ತೆಗೆದೆ.
ಕಾಗದ ಒಂದು ಕಡೆ ತೂತಾಯಿತು.

ಹೋಳಿ ಕಳೆದ ವಾರ ಪುರ್ಸು ಮೊದಲ ಸಲ ಚಿತ್ರ ತಂದ.
ಅರ್ಗಾದ ಅವನ ಮನೆ,
ನೌಕಾನೆಲೆಯ ಬೇಲಿಯೊಳಗೆ ಹೋದದ್ದು.
ಕಿಟಕಿ, ಕಟ್ಟೆ, ಒಣಹಾಕಿದ ಬಂಗಡೆ, ತಂಗಿಯ ಲಂಗ,
ಬಾವಿಹಗ್ಗದ ಎಳೆ ಎಳೆ ಕೂಡ.
ನೆರಳು ಮಾತ್ರ ಎಲ್ಲೂ ಇಲ್ಲ.
ನೆಲ ಮುಟ್ಟದೆ ನಿಂತಿತ್ತು ಮನೆ.

ಅವನು ನಿಯಮದಂತೆ ಸುಮ್ಮನೆ,
ಚಪ್ಪಲಿಯ ಉಂಗುಟ ತಿರುವುತ್ತ.
ನನ್ನ ಸರದಿ ಬಂತು.
ಚಲೋ ಆಗದೆ, ಅಂದೆ.

ಮೆಟ್ಟಿಲಿಳಿಯುವಾಗ ತಡೆದ.
"ಪೋಸ್ಟಿನವಳೇ, ನಂಗೆ ಬಂದ ಕಾಗದ
ನಿನ್ನ ಹತ್ರ ಅದೆ. ಕೊಡು."

ಕೊಟ್ಟೆ. ಆ ಮನೆಯಲ್ಲಿ ಹೊತ್ತೆಷ್ಟು, ಪುರ್ಸು?
ಸೂರ್ಯ ಯಾವ ಕಡೆ?

ಬೀಡಿ ಹಚ್ಚಿದ.
ಐಸ್ ಲಾರಿ ಹೋದ ದಾರಿಗುಂಟ ನೀರಿನ ಗೆರೆ.
"ಬೆಳಿಗ್ಗೆ ಹಾಕಿದ್ರೆ ಸಂಜೆ ಹೋಗ್ತದೆ," ಅಂದ.
ಅದಕ್ಕೇನು ಹೇಳಬೇಕೋ ತಿಳಿಯಲಿಲ್ಲ.

ಚಿತ್ರ ಅವನು ತಿದ್ದಲಿಲ್ಲ.
ನೆರಳು ಬೇಕಿತ್ತು ಎಂದು ನಾನು ಈಗಲೂ ಅನ್ನುತ್ತೇನೆ,
ವಾರ ವಾರ, ಎಲ್ಲರೆದುರಿಗೆ.
ಅವನು ಚಹಾ ಮುಗಿಸಿ, ಲೋಟ ಬೋರಲು ಹಾಕಿ,
ನನ್ನ ಅಳಿವೆಯನ್ನು ಬೆಳಕಿಗೆ ಎತ್ತಿ ಹಿಡಿದು
ಆ ತೂತಿಗೆ ಕಣ್ಣಿಟ್ಟು ನೋಡುತ್ತಾನೆ.
"ಇಲ್ಲಿ ನೋಡು ಬಾಯೀ, ಇಲ್ಲಿ ನೀರು
ಚಲೋ ಆಗದೆ."