ಬೆಣೆ

ಮೂರು ಕಾಲಿನ ಏಣಿ ಅದು, ಸೇಬು ಕೀಳುವವರದ್ದು.
ಒಂದು ಕಾಲು ಹೆಗ್ಗಣದ ಬಿಲಕ್ಕೆ ಇಳಿಯಿತಂತೆ.
ಹೆಗಲ ಚೀಲದಲ್ಲಿ ಹದಿನೆಂಟು ಕಿಲೋ;
ಬಿದ್ದವನು ಮೊದಲು ನೋಡಿದ್ದು
ಹಣ್ಣು ಜಜ್ಜಿತೇ ಎಂದು.

ಸೆಪ್ಟೆಂಬರಿನ ಮಾತು. ಈಗ ಜನವರಿ,
ಯಾಕಿಮಾದಲ್ಲಿ ಹಿಮ ಮೊಣಕಾಲುದ್ದ.
ಎಲೆಯುತೇರಿಯೊ, ಇಪ್ಪತ್ನಾಲ್ಕು ವರ್ಷ,
ನನ್ನ ಎಕ್ಸ್‌ರೇ ಮೇಜಿನ ಮೇಲೆ
ಬಲಗಾಲನ್ನು ಎರಡೂ ಕೈಯಲ್ಲಿ ಎತ್ತಿ ಇಟ್ಟ,
ಬೇರೆ ಯಾರದೋ ಸಾಮಾನು ಇಟ್ಟ ಹಾಗೆ.

ಇಷ್ಟು ದಿನ ಏನು ಮಾಡಿದ, ಕೇಳಿದೆ.
ಅಕ್ಕ ನೆರೇಯ್ದಾ ಹೇಳಿದಳು:
"ಉಳುಕು ಅಂದುಕೊಂಡ. ಎಣ್ಣೆ ತಿಕ್ಕಿದೆವು.
ಕೂತು ಹಣ್ಣು ಆರಿಸುವ ಕೆಲಸಕ್ಕೆ ಹೋದ.
ಮುರಿದದ್ದಕ್ಕಿಂತ ಆಸ್ಪತ್ರೆಯ ಬಿಲ್ಲೇ
ಹೆಚ್ಚು ನೋಯುತ್ತೆ ಅಂದರು ಎಲ್ಲರೂ."
ಅವನು ಚಾವಣಿ ನೋಡುತ್ತಿದ್ದ.

ಪರದೆಯ ಮೇಲೆ ತೊಡೆಯೆಲುಬಿನ ಕುತ್ತಿಗೆ.
ಇತ್ತು ಅನ್ನಬೇಕು. ಮುರಿದ ಎರಡು ಅಂಚೂ
ನಾಲ್ಕು ತಿಂಗಳು ಒಂದನ್ನೊಂದು ಉಜ್ಜಿ
ಬಳಪದ ತುದಿಯಂತೆ ಸವೆದಿದ್ದವು.
ಕಾಲು ಎರಡು ಬೆರಳು ಗಿಡ್ಡ.

ಡಾಕ್ಟರ್ ಲಿಂಡ್‌ಕ್ವಿಸ್ಟ್ ಬಹಳ ಹೊತ್ತು ಮಾತಾಡಲಿಲ್ಲ.
"ಎಪ್ಪತ್ತಾಗಿದ್ದರೆ ಲೋಹದ ಕೀಲು ಹಾಕಿ
ಸಂಜೆಗೆ ಮನೆ ಸೇರುತ್ತಿದ್ದೆ.
ಇವನಿಗೆ ಇನ್ನೂ ನಲವತ್ತು ಕೊಯ್ಲು ಇದೆ.
ಎಲುಬಿನ ತಲೆಗೆ ರಕ್ತ ಹೋಗುತ್ತಿದೆಯೇ ನೋಡಿ."
ಹೋಗುತ್ತಿತ್ತು.
ಮೊಂಡು ತಲೆ, ಎಂದುಕೊಂಡೆ ಕನ್ನಡದಲ್ಲಿ.

ಸೀಸದ ಅಂಗಿ ತೊಟ್ಟು ನಾಲ್ಕು ತಾಸು
ಅವಳು ಕೇಳಿದಾಗೆಲ್ಲ ಚಿತ್ರ ತೆಗೆಯುತ್ತ ನಿಂತೆ.
ಮೊಣಕಾಲ ಕೆಳಗಿನ ಕಿರಿಯೆಲುಬಿನಿಂದ
ಅರ್ಧ ಗೇಣು ತೆಗೆದು
ಸವೆದ ಕುತ್ತಿಗೆಗೆ ಒಳಗಿಂದ ಆಸರೆ ಕೊಟ್ಟಳು.
ಆಮೇಲೆ, ಮುರಿಯದ ಜಾಗದಲ್ಲಿ,
ಗಟ್ಟಿ ಎಲುಬನ್ನೇ ಗರಗಸದಿಂದ ಕೊಯ್ದಳು.
ನನ್ನ ಬೆರಳು ಗುಂಡಿಯ ಮೇಲೆ ತಡೆಯಿತು.
ಬೆಣೆಯಂಥ ಚೂರೊಂದು ಬಟ್ಟಲಿಗೆ ಬಿತ್ತು, ಟಣ್.

ನಮ್ಮಪ್ಪ ಗದಗಿನಲ್ಲಿ ಬಾಗಿಲ ಚೌಕಟ್ಟು ಮಾಡುತ್ತಿದ್ದ.
ವಾಲಿದ ಕಂಬಕ್ಕೆ ಮೊಳೆ ಜಡಿಯುವವರನ್ನು ಬಯ್ಯುತ್ತಿದ್ದ:
"ಭಾರದ ಮ್ಯಾಲ ಯಾಕ ಸಿಟ್ಟು?
ಅದು ಇಳಿಯೋ ದಾರಿ ತಪ್ಪೈತಿ. ಓರೆ ತಿದ್ದ್ರಿ."

ಓರೆ ತಿದ್ದಿದಳು. ಕಾಂಡ ಹೊರಳಿತು,
ಕಡಿದಾಗಿ ನಿಂತಿದ್ದ ಬಿರುಕಿನ ಗೆರೆ ಮಲಗಿತು.
ಇಷ್ಟು ದಿನ ಜಾರಿಸಿ ಜಾರಿಸಿ ಅಗಲಿಸಿದ್ದ ಮೈಭಾರವೇ
ಇನ್ನು ಒತ್ತಿ ಒತ್ತಿ ಕೂಡಿಸಬೇಕು.
ತಟ್ಟೆ, ತಿರುಪು, ಹೊಲಿಗೆ.
ಕೂಡೀತು ಎಂದಳು ಲಿಂಡ್‌ಕ್ವಿಸ್ಟ್.
ಕೂಡುತ್ತದೆ ಎನ್ನಲಿಲ್ಲ.

ಏಪ್ರಿಲ್ ಕೊನೆ. ಕಣಿವೆಯಿಡೀ ಸೇಬಿನ ಹೂ.
ಅವನ ಜೇಬಿನಲ್ಲಿ ನಾಲ್ಕು ಮಡಿಕೆಯ ಕಂತಿನ ಚೀಟಿ.
ಆ ಚೂರು ಏನಾಯಿತು, ಕೇಳಿಸಿದ ಅಕ್ಕನ ಕೈಲಿ.
ಪುಡಿ ಮಾಡಿ ಸಂದಿಗೇ ತುಂಬಿದರು, ಏನೂ ಎಸೆದಿಲ್ಲ, ಅಂದೆ.
ಮೊದಲ ಸಲ ನಕ್ಕ.

ನಿಂತೇ ಚಿತ್ರ ತೆಗೆಯಬೇಕು, ಬಲಗಾಲಿಗೆ ಭಾರ ಹಾಕು.
ನೆರೇಯ್ದಾ ಅದನ್ನು ಅವನ ಭಾಷೆಗೆ ಮಾಡುವ ಮೊದಲೇ
ಊರುಗೋಲನ್ನು ನನ್ನ ಕೈಗೆ ಕೊಟ್ಟು
ಮೇಲಿನ ಕೊಂಬೆಗೆ ಕೈ ಚಾಚುವವನಂತೆ
ಉಸಿರು ಹಿಡಿದ.

ನಾನೂ ಹಿಡಿದೆ. ಗುಂಡಿ ಒತ್ತಿದೆ.