ಕೂಲಿಯ ಕಾಲಮ್ಮು

ಕೊಕೊ ತೋಟ ಮುಚ್ಚಿದ ವರ್ಷ
ಅಲ್ಸೀಡ್ ಮನೆಗೆ ತಂದದ್ದು ಎರಡೇ ಸಾಮಾನು:
ಅಂಚು ಮುಕ್ಕಾದ ತಕ್ಕಡಿಯ ಬಟ್ಟಲು,
ಬರೆಯದೆ ಉಳಿದ ಒಂದು ಹಾಜರಿ ಪುಸ್ತಕ.
ಬಟ್ಟಲಲ್ಲಿ ನಾನು ಹಕ್ಕಿಗಳಿಗೆ ನೀರಿಟ್ಟೆ,
ಪುಸ್ತಕದಲ್ಲಿ ಅವನು ಹಕ್ಕಿಗಳನ್ನಿಟ್ಟ.

ಕಾಲಮ್ಮು ನಾಲ್ಕು, ಮೊದಲೇ ಅಚ್ಚಾದವು:
ಹೆಸರು. ಮೂಟೆ. ತೂಕ. ಕೂಲಿ.
ಮೂವತ್ತೊಂದು ವರ್ಷ ತೂಗಿದ ಕೈ
ಗೆರೆ ದಾಟಿ ಬರೆಯಲಾರದು.
ಹೀಗಾಗಿ ಟ್ರಿನಿಡಾಡಿನ ಉತ್ತರದ ಬೆಟ್ಟದ ಬುಡದಲ್ಲಿ,
ನಮ್ಮ ಹಿತ್ತಿಲಿಗೆ,
ಹಕ್ಕಿಗಳು ಕೂಲಿಗೆ ಬರುತ್ತವೆ.

ನೀಲಿ ಟ್ಯಾನೇಜರ್. ಮೂಟೆ ಎರಡು. ತೂಕ ಹಗುರ.
ಕೂಲಿ: ಪಪ್ಪಾಯಿ, ಅರ್ಧ ಹೋಳು.
ಜೋಳದ ಹಕ್ಕಿ, ಹಳದಿ ಬಾಲದ್ದು. ಮೂಟೆ ಐದು.
ಕೂಲಿ: ಕಿತ್ತಳೆ, ಕೇಳದೆ ತೆಗೆದುಕೊಂಡದ್ದು.
ಝೇಂಕಾರದ ಹಕ್ಕಿ. ತೂಕ: ತಕ್ಕಡಿಗೆ ತಿಳಿಯದು.
ಕೂಲಿ: ವರ್ವೇನ್ ಹೂವು, ಸಾಲದ ಮೇಲೆ.
ಸಕ್ಕರೆ ಹಕ್ಕಿ. ಮೂಟೆ ಏಳು.
ಕೂಲಿ: ಕ್ಲೋಟಿಲ್ಡಳ ಸಕ್ಕರೆ ಡಬ್ಬಿ,
ಮುಚ್ಚಳ ತೆಗೆದಿಟ್ಟವಳು ಅವಳೇ.
(ಕ್ಲೋಟಿಲ್ಡ್ ಅಂದರೆ ನಾನು. ಆಪಾದನೆ ನಿಜ.)

ಅವನ ಕಿವಿಯಿಂದ ಮೊದಲು ಹೋದವು ತೆಳು ದನಿಗಳು.
ರೆಕ್ಕೆಯ ಝೇಂಕಾರ ಹೋಯಿತು, ಸಕ್ಕರೆ ಹಕ್ಕಿಯ ಕಿಚಿಪಿಚಿ ಹೋಯಿತು,
ಕುದಿಯುವ ಕೆಟಲಿನ ಸಿಳ್ಳೆ ಹೋಯಿತು.
ತಂತಿಯ ಮೇಲೆ ಕೂತ ಕಿಸ್ಕಡಿ ಮಾತ್ರ ಉಳಿದಿತ್ತು, ಅದೂ ಅರ್ಧಂಬರ್ಧ.
ಕೆಸ್-ಕಿ-ದಿ! ಅನ್ನುತ್ತದೆ ಅದು;
ನನ್ನಜ್ಜಿಯ ಪಟ್ವಾ ಭಾಷೆಯಲ್ಲಿ, ಏನಂತಾನೆ ಅವನು?
ಅಲ್ಸೀಡ್ ಕಿವಿಗೆ ಕೈ ಆನಿಸುತ್ತಾನೆ:
"ಏನಂತೆ ಅದು?"
"ಏನಂತಾನೆ ಅಂತ ಕೇಳ್ತಿದೆ."
"ಯಾರು?"
"ಹಕ್ಕಿ."
"ಏನಂತೆ?"
ಇಷ್ಟರಲ್ಲಿ ಕಾಫಿ ಆರುತ್ತದೆ.

ಜಗಳ ಬಂದದ್ದು ರಾತ್ರಿಯ ಹಕ್ಕಿಗಾಗಿ.
ಬೆಳದಿಂಗಳಾದರೆ ಬೇಲಿಯ ಕಡೆಯಿಂದ ಒಂದು ದನಿ
ಮೆಟ್ಟಿಲು ಇಳಿದ ಹಾಗೆ ಇಳಿಯುತ್ತದೆ.
'ಪಾಪ ನಾನೊಬ್ಬಳೇ' ಅನ್ನುತ್ತಾರೆ ಅದನ್ನು ಊರವರು.
"ಬರಿ," ಅಂದೆ.
"ಕಾಣದ್ದನ್ನು ತೂಗಲಾರೆ."
"ನಾನು ಕೇಳಿದೆನಲ್ಲ!"
"ಕೇಳಿದ್ದಕ್ಕೆ ಕಾಲಮ್ಮಿಲ್ಲ."
ಆ ರಾತ್ರಿ ಗೋಡೆಯ ಕಡೆ ಮುಖ ಮಾಡಿ ಮಲಗಿದೆ.
ಅದು ಕೂಗುತ್ತಲೇ ಇತ್ತು.
ಯಾರ ಪರವಾಗಿ ಅಂತ ಕೇಳಬೇಡಿ.

ಮಾರ್ಚ್ ಬಂತು. ಬೆಟ್ಟದ ಇಮಾರ್ಟೆಲ್ ಮರಗಳು ಎಲೆ ಉದುರಿಸಿ
ಕಿತ್ತಳೆ ಬಣ್ಣ ಹೊತ್ತು ನಿಂತವು.
ಸಿಡಿಲು ಬಡಿದ ಬೆಣ್ಣೆಹಣ್ಣಿನ ಮರದ ಮೊಂಡು
ಬೇಲಿಗೆ ಒರಗಿತ್ತು. ಕಡಿಯುತ್ತೇನೆಂದು ಗರಗಸ ಹಿಡಿದು ಹೋದವನು
ಹಾಗೇ ನಿಂತ.
ಅಡಿಗೆಮನೆ ಕಿಟಕಿಯಿಂದ ನೋಡಿದೆ:
ಗರಗಸ ಮೆಲ್ಲಗೆ ಕೆಳಗಿಳಿಯಿತು,
ಬೆರಳು ನನ್ನನ್ನು ಕರೆಯಿತು.

ಬೊಡ್ಡೆಯ ತುದಿಯಲ್ಲಿ ಬೊಡ್ಡೆಯದೇ ಬಣ್ಣ,
ಬೊಡ್ಡೆಯದೇ ಬಿರುಕು, ಬೂಷ್ಟು;
ಒಂದು ಬಿರುಕು ಮಾತ್ರ ಕೂದಲೆಳೆಯಷ್ಟು ತೆರೆದು
ನಮ್ಮನ್ನು ನೋಡುತ್ತಿತ್ತು.

ಕಿವುಡಾದಂದಿನಿಂದ ಅರಚಿಯೇ ಮಾತಾಡುವ ಅಲ್ಸೀಡ್
ಪಿಸುಗುಟ್ಟಿದ. ಎಷ್ಟು ಮೆಲ್ಲಗೆ ಅಂದರೆ
ನಾನೇ ಕೇಳಬೇಕಾಯಿತು:
"ಏನಂದೆ?"

ಸಂಜೆ ಪುಸ್ತಕ ತೆಗೆದು ಹಿಂದಕ್ಕೆ ಮಗುಚಿದ.
ಬೇಲಿಯ ಮೊಂಡು: ಖಾಲಿ.
ಬೇಲಿಯ ಮೊಂಡು: ಖಾಲಿ.
ಅವನದೇ ಕೈಬರಹ, ನಲವತ್ತಮೂರು ದಿನ.
ಗುಮಾಸ್ತ ಅಳಿಸುವುದಿಲ್ಲ. ಕೆಂಪು ಶಾಯಿ ತಂದು
ಪ್ರತಿ ಸಾಲಿನ ಕೊನೆಗೆ, ಕೂಲಿಯ ಕೆಳಗೆ,
ಒಂದೇ ಮಾತು ಬರೆದ: ಬಾಕಿ.

ಗರಗಸ ಈಗ ಕೋಳಿಗೂಡಿನ ಹಿಂದೆ ತುಕ್ಕು ಹಿಡಿದಿದೆ.
ಬೆಳದಿಂಗಳಿದ್ದರೆ ಮೆಟ್ಟಿಲ ಮೇಲೆ ಕೂರುತ್ತೇವೆ.
ಅದು ಕೂಗತೊಡಗಿದರೆ
ಅವನ ಮುಂಗೈ ಹಿಡಿದು, ಮೊಣಕೈಯಿಂದ ಕೆಳಗೆ,
ಒಂದೊಂದು ಸ್ವರಕ್ಕೆ ಒಂದೊಂದು ಸಲ ಒತ್ತುತ್ತೇನೆ.
ಕೊನೆಯದು ಅಂಗೈಯಲ್ಲಿ ಬೀಳುತ್ತದೆ.

"ಆರು," ಅನ್ನುತ್ತಾನೆ.
"ನಿನ್ನೆ ಐದಿತ್ತು."