ಹಿಂದಿನ ತಗಡು

ಕೌಲ್ ಬಜಾರಿನಲ್ಲಿ, ಹಿಟ್ಟಿನ ಗಿರಣಿಯ ಮೆಟ್ಟಿಲ ಕೆಳಗೆ
ಆರಡಿ ಉದ್ದ, ನಾಲ್ಕಡಿ ಅಗಲ ನನ್ನ ಅಂಗಡಿ.
ಬೋರ್ಡಿನ ಮೇಲೆ ಇನ್ನೂ ಉಸ್ತಾದರ ಹೆಸರು:
ಜಿಲಾನಿ ವಾಚ್ ವರ್ಕ್ಸ್.
ಅವರು ಹೋಗಿ ಹತ್ತೊಂಬತ್ತು ವರ್ಷ.
ಬಣ್ಣ ಬಳಿಸಿದ್ದೇನೆ, ಅಕ್ಷರ ಬದಲಿಸಿಲ್ಲ.

ಗಿರಣಿ ಶುರುವಾದರೆ ಗೋಡೆ ನಡುಗುತ್ತದೆ,
ಮೊಳೆಗೆ ತೂಗಿದ ಹದಿನೇಳು ಗಡಿಯಾರ
ಹದಿನೇಳು ಹೊತ್ತು ಹೇಳುತ್ತ ನಡುಗುತ್ತವೆ.
"ಇದ್ರಾಗ ಯಾವುದ್ರೀ ಖರೆ?" ಅಂತಾರೆ ಬಂದವರು.
ನಾನು ಜೇಬಿನ ಮೊಬೈಲು ನೋಡಿ ಹೇಳುತ್ತೇನೆ.

ಹೊಟ್ಟೆ ಹೊರೆಯುವುದು ಸೆಲ್ಲು.
ಸೆಲ್ಲು ಹಾಕು, ಪಟ್ಟಿ ಹಾಕು, ಕೆಟ್ಟ ಮಷೀನು ಕಿತ್ತು
ಅರವತ್ತು ರೂಪಾಯಿಯ ಹೊಸದು ಕೂರಿಸು.
ಅದಕ್ಕೆ ಕೈ ಸಾಕು, ಕಿವಿ ಬೇಡ.
ಕಿವಿ ಬೇಕಾಗುವುದು ಲೋಲಕದ ಗಡಿಯಾರಕ್ಕೆ:
ಟಿಕ್‌ಗೂ ಟಾಕ್‌ಗೂ ಹೆಜ್ಜೆ ಸಮವೋ,
ಇಲ್ಲಾ ಒಂದು ಕಾಲು ಎಳೆಯುತ್ತದೋ.
ಎಳೆದರೆ, ಮಡಚಿದ ಬಸ್ ಟಿಕೆಟ್ಟು ಪೆಟ್ಟಿಗೆಯ ಮೂಲೆಗೆ.
ಎಷ್ಟೋ ಕುಂಟು ಅಷ್ಟರಲ್ಲೇ ಹೋಗುತ್ತದೆ.

ಊರಿನ ಧೂಳು ಓದಲು ಬರುತ್ತದೆ ನನಗೆ.
ಗಿರಣಿಯವರದು ಬಿಳಿ.
ಜೀನ್ಸ್ ಹೊಲಿಯುವ ಮನೆಗಳದು ನೀಲಿ, ಎಳೆ ಎಳೆ.
ಅದಿರಿನ ಲಾರಿ ಹಗಲಿರುಳು ಓಡಿದ ವರ್ಷಗಳದು ಕೆಂಪು,
ಎಣ್ಣೆಗೆ ಬೆರೆತು, ಅರಗಿನಂತೆ ಅಂಟಿ,
ಉಕ್ಕಿನ ಅಚ್ಚನ್ನೇ ತಿಂದುಹಾಕುವ ಕೆಂಪು.
ಅದಕ್ಕೆ ಪೆಟ್ರೋಲಿನ ಸ್ನಾನ, ಆಮೇಲೆ ಮುಳ್ಳು.
ಬಳ್ಳಾರಿ ಜಾಲಿ ಅಂತ ಪರ ಊರಿನವರು ಬೈಯುವ ಗಿಡದ್ದೇ,
ಒಣಗಿ ಗಟ್ಟಿಯಾದ ಮೇಲೆ ಕೋಟೆಗುಡ್ಡದ ಬುಡದಿಂದ ತರುತ್ತೇನೆ.
ಕೂದಲಿನಂಥ ತೂತಿಗೂ ಮೊನೆ ಇಳಿಯುತ್ತದೆ,
ಹಿತ್ತಾಳೆಗೆ ಗೀರು ಬೀಳುವುದಿಲ್ಲ.
ಇದೂ ಉಸ್ತಾದರದೇ.

ಮೊನ್ನೆ ಪಂಕಜವಲ್ಲಿ ಬಂದರು, ರೈಲ್ವೆ ಟಿಕೆಟ್ ಕೌಂಟರಿನವರು.
ಹಳೆ ಸೀರೆಯಲ್ಲಿ ಸುತ್ತಿದ ಗಡಿಯಾರ ಆಟೋದಿಂದ ಇಳಿಸಿ,
"ಅಪ್ಪಂದು. ಎಂಟು ದಿನದ ಕೀಲಿ,
ಮೂರಕ್ಕೇ ನಿಲ್ತೈತೆ. ಎಷ್ಟೋ ವರ್ಷದಿಂದ ಹಂಗೇ.
ನಮಗೂ ರೂಢಿ ಆಗೋಗಿತ್ತು."

ಬಿಚ್ಚಿದೆ. ಹಿಂದಿನ ತಗಡಿನ ಮೇಲೆ ಸೂಜಿಯ ಗೀರುಗಳು,
ಕೆಲಸದವರು ಕೆಲಸದವರಿಗೆ ಬರೆದಿಡುವ ಕಾಗದ:
೧೯೫೮, ತೆಲುಗಿನ ಒಂದಕ್ಷರ, ಯಾರೋ.
೧೯೭೩, ಉರ್ದುವಿನ ಜೀಮ್,
ಹೊಟ್ಟೆಯೊಳಗೆ ಒಂದೇ ಚುಕ್ಕಿ: ಉಸ್ತಾದರು.
ಅದರ ಕೆಳಗೆ ೧೯೯೧, ಎ.
ಎ ಅಂದರೆ ನಾನು. ಇಪ್ಪತ್ತರ ಎರ್ರಿಸ್ವಾಮಿ.

ಡಬ್ಬಿ ತೆರೆಯುವ ಮೊದಲೇ ಗೊತ್ತಾಯಿತು ಒಳಗಿರುವುದು:
ತುಂಡಾದ ಅದೇ ಸ್ಪ್ರಿಂಗು, ತುದಿ ಕಾಯಿಸಿ,
ಹೊಸ ತೂತು ಹೊಡೆದು, ಮತ್ತೆ ಸಿಕ್ಕಿಸಿದ್ದು.
ಬಿಲ್ಲಿನಲ್ಲಿ ಬರೆದದ್ದು: ಹೊಸ ಸ್ಪ್ರಿಂಗ್, ನೂರಾಹತ್ತು.
ಉಸ್ತಾದರು ಆ ವಾರ ಉರುಸಿಗೆ ಹೋಗಿದ್ದರು.
ಆ ದುಡ್ಡಿಗೆ ಬೂಟು ಕೊಂಡೆ. ಕಚ್ಚುತ್ತಿದ್ದವು.

"ಯಾವ ಎರ್ರಿ ಮಾಡಿದ್ದಿದು?"
ಪಂಕಜವಲ್ಲಿ ಬಗ್ಗಿ ನೋಡುತ್ತಿದ್ದರು.
ನಮ್ಮ ಕಡೆ ತಲೆಕೆಟ್ಟವರನ್ನು ಕರೆಯುವುದೇ ಹಾಗೆ;
ಬೋರ್ಡಿನಲ್ಲಿ ಆ ಹೆಸರಿಲ್ಲ.
ಗಿರಣಿ ಬೇರೆ ಆಗಷ್ಟೇ ನಿಂತಿತ್ತು.
"ನಾನೇರೀ" ಅಂದೆ.
ಅವರು ನಕ್ಕರು.
ನಾನೂ ಬಿಡಿಸಿ ಹೇಳಲಿಲ್ಲ.

ಹೊಸ ಸ್ಪ್ರಿಂಗು ತುಂಬಿ, ಮೊಳೆಗೆ ತೂಗಿ, ಕಾದೆ.
ನಾಲ್ಕನೆಯ ಬೆಳಗ್ಗೆ ಗಿರಣಿಯವನಿಗಿಂತ ಮುಂಚೆ ಬಂದು,
ಶಟರು ಮೊಣಕಾಲಿನಷ್ಟೇ ಎತ್ತಿ, ಕುಕ್ಕರಗಾಲಲ್ಲಿ ಕೂತು ಕೇಳಿದೆ.
ನಡೆಯುತ್ತಿತ್ತು.
ಚಹಾದ ಹುಡುಗ ಹೊರಗಿನಿಂದ ಎರಡು ಸಲ ಕೂಗಿ ಹೋದ.

ಒಯ್ಯಲು ಬಂದಾಗ ಎಷ್ಟಾಯಿತು ಅಂದರು.
ತೊಳೆದ ಕೂಲಿ ಇನ್ನೂರೈವತ್ತು.
"ಮತ್ತೆ ಸ್ಪ್ರಿಂಗಿಂದು?"
"ಅದು ನಿಮ್ಮಪ್ಪ ಕೊಟ್ಟಾರೆ."
ಒಂದು ಗಳಿಗೆ ನನ್ನ ಮುಖ ನೋಡಿದರು. ಏನೂ ಕೇಳಲಿಲ್ಲ,
ಐನೂರರ ನೋಟು ಕೊಟ್ಟು ಚಿಲ್ಲರೆ ಎಣಿಸಿಕೊಂಡರು.

ಬೇಸಿಗೆಗೆ ಸ್ವಲ್ಪ ಹಿಂದೆ ಬೀಳ್ತೈತೆ ಅಮ್ಮಾರೆ, ಹೆದರಬೇಡಿ.
ಕಂಬಿ ಕಾದು ಉದ್ದ ಆಗ್ತೈತೆ.
ತಳದ ತಿರುಪು ಅರ್ಧ ಸುತ್ತು ಮೇಲಕ್ಕೆ.
ಅರ್ಧವೇ. ಜಾಸ್ತಿ ಬೇಡ.